ಮೊಬೈಲ್ ಸಾಕ್ಷ್ಯ ಕೋರ್ಟಿನಲ್ಲಿ ನಿಲ್ಲಬೇಕೆ? ಹ್ಯಾಶ್ ಮೊದಲು, ಪ್ರಿಂಟ್ ಆಮೇಲೆ

ಚೆಕ್ ಬೌನ್ಸ್ ಇರಲಿ, ವಿಚ್ಛೇದನ ಇರಲಿ, ಬಾಡಿಗೆ ತಕರಾರು ಇರಲಿ, ಈಗ ಫೈಲಿನಲ್ಲಿ ವಾಟ್ಸ್‌ಆ್ಯಪ್ ಚಾಟ್ ಇದ್ದೇ ಇರುತ್ತದೆ. ಕಿರಿಯ ವಕೀಲರು ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಹಾಜರುಪಡಿಸುತ್ತಾರೆ. ಎದುರು ವಕೀಲರು ಎದ್ದು "ಸರ್ಟಿಫಿಕೇಟ್ ಎಲ್ಲಿ?" ಎಂದಾಗ ಓಡಾಟ ಶುರು. ಫೋನಿನಂಥ ಸಾಧನದಿಂದ ತೆಗೆದ ಪ್ರತಿಯ ಜೊತೆ, ಅದು ಯಾವ ಸಾಧನದ್ದು, ಹೇಗೆ ತೆಗೆದದ್ದು ಎಂದು ಸಹಿ ಹಾಕಿ ಕೊಡಬೇಕಾದ ಪ್ರಮಾಣಪತ್ರ ಅದು. ಒಳ್ಳೆಯ ಸಾಕ್ಷ್ಯ ಹೀಗೆ ಕೈತಪ್ಪುವುದನ್ನು ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಈ ಬರಹ.

ಮೊದಲು ಯಾವ ಕಾನೂನು ಎಂದು ನೋಡಿ. ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೂ ಮುಂಚೆಯೇ ಬಾಕಿ ಇದ್ದ ಕೇಸಿಗೆ 1872ರ ಹಳೆಯ ಕಾಯ್ದೆಯೇ ಅನ್ವಯ, ಅಂದರೆ 65ಬಿ ಪ್ರಮಾಣಪತ್ರ. ಹೊಸ ಕೇಸಿಗೆ 63(4)ರ ಪ್ರಮಾಣಪತ್ರ. ಹಳೆಯ ನಮೂನೆಯಲ್ಲಿ ಸೆಕ್ಷನ್ ನಂಬರ್ ಮಾತ್ರ ಬದಲಿಸಿ ಕೊಟ್ಟರೆ ಸಾಲದು. ಹೊಸ ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಇದೆ. ಅದರಲ್ಲಿ ಎ ಮತ್ತು ಬಿ ಎಂದು ಎರಡು ಭಾಗಗಳಿವೆ.

ಎರಡನೆಯದು ಫೋನ್. ಕೇಸು ಮುಗಿಯುವ ತನಕ ಅದನ್ನು ಮಾರಬಾರದು, ಎಕ್ಸ್‌ಚೇಂಜ್‌ಗೆ ಕೊಡಬಾರದು, ರೀಸೆಟ್ ಮಾಡಬಾರದು ಎಂದು ಕಕ್ಷಿದಾರರಿಗೆ ಮೊದಲ ಭೇಟಿಯಲ್ಲೇ ಹೇಳಿ. ಸಿಸಿಟಿವಿ ಆದರೆ ಅವತ್ತೇ ಹೊರಡಿ. ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ತುಂಬಿದಂತೆಲ್ಲ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಡಿವಿಆರ್ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಎಷ್ಟು ವ್ಯತ್ಯಾಸ ಇದೆ ಎಂದು ಆಗಲೇ ಬರೆದಿಟ್ಟುಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ: ಹೊಸ ನಮೂನೆಯಲ್ಲಿ ಬರೆಯಬೇಕಾದ ಹ್ಯಾಶ್. ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆಯುವ ಅಕ್ಷರ-ಅಂಕಿಗಳ ಸಾಲು ಇದು, ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಫೈಲಿನ ಹೆಸರು ಬದಲಿಸಿದರೆ ಏನೂ ಆಗುವುದಿಲ್ಲ. ಆದರೆ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ಕಳಿಸಿದರೆ ಅದು ಕುಗ್ಗುತ್ತದೆ, ಹ್ಯಾಶ್ ಬೇರೆಯಾಗುತ್ತದೆ. ಹೆಚ್ಚಿನ ಗೊಂದಲ ಇಲ್ಲೇ ಹುಟ್ಟುವುದು. "ಸರ್, ಕಳಿಸಿದ್ದೀನಿ ನೋಡಿ" ಎಂದರೆ ಒಪ್ಪಬೇಡಿ. ಫೋನನ್ನೇ ಕಚೇರಿಗೆ ತರಿಸಿ, ಕೇಬಲ್ ಹಾಕಿ ನಕಲು ಮಾಡಿಕೊಳ್ಳಿ. ಚಾಟ್ ಆದರೆ ಎಕ್ಸ್‌ಪೋರ್ಟ್ ಆಯ್ಕೆಯಿಂದ ಪೂರ್ತಿ ಸಂಭಾಷಣೆ ತೆಗೆಯಿರಿ. ಆರಿಸಿದ ನಾಲ್ಕು ಸಾಲು ಕೊಟ್ಟರೆ ಉಳಿದದ್ದನ್ನು ಮುಚ್ಚಿಟ್ಟಿರಿ ಎನ್ನುತ್ತಾರೆ. ಎಕ್ಸ್‌ಪೋರ್ಟ್ ಮಾಡಿದ್ದು ಬರೀ ಟೆಕ್ಸ್ಟ್ ಫೈಲ್, ಯಾರು ಬೇಕಾದರೂ ತಿದ್ದಬಹುದು. ಹಾಗಾಗಿ ಪ್ರಮಾಣಪತ್ರಕ್ಕೆ ಸಹಿ ಹಾಕುವವರ ಎದುರಿಗೇ, ಆ ಕ್ಷಣವೇ ಹ್ಯಾಶ್ ತೆಗೆಯಿರಿ.

ತೆಗೆಯುವುದು ಕಷ್ಟವಲ್ಲ. ವಿಂಡೋಸ್‌ನಲ್ಲೇ ಸರ್ಟ್‌ಯುಟಿಲ್ ಎಂಬ ಕಮಾಂಡ್ ಇದೆ, ದುಡ್ಡು ಕೊಡಬೇಕಿಲ್ಲ. ಫೈಲ್ ಅಪ್‌ಲೋಡ್ ಮಾಡಿಸಿಕೊಂಡು ಹ್ಯಾಶ್ ಕೊಡುವ ಪುಕ್ಕಟೆ ವೆಬ್‌ಸೈಟುಗಳ ಹತ್ತಿರ ಹೋಗಲೇಬೇಡಿ. ಕಕ್ಷಿದಾರರ ಮನೆಯ ಮಾತು ಗೊತ್ತಿಲ್ಲದವರ ಸರ್ವರ್ ಸೇರುತ್ತದೆ. ನಮೂನೆಯಲ್ಲಿ ಎಂಡಿ5, ಎಸ್‌ಎಚ್‌ಎ1, ಎಸ್‌ಎಚ್‌ಎ256 ಎಂಬ ಹ್ಯಾಶ್ ವಿಧಾನಗಳ ಆಯ್ಕೆಗಳಿವೆ. ಕೊನೆಯದನ್ನೇ ಬಳಸಿ. ಉಳಿದ ಎರಡರಲ್ಲಿ ಬೇರೆ ಬೇರೆ ಫೈಲುಗಳಿಗೆ ಒಂದೇ ಹ್ಯಾಶ್ ಬರುವಂತೆ ಮಾಡಬಹುದೆಂದು ಈಗಾಗಲೇ ತೋರಿಸಿದ್ದಾರೆ. ಎಸ್‌ಎಚ್‌ಎ256ರಲ್ಲಿ 64 ಅಕ್ಷರ ಇರುತ್ತದೆ. ಕೈಯಿಂದ ಟೈಪ್ ಮಾಡಿದರೆ ಒಂದಾದರೂ ತಪ್ಪುತ್ತದೆ, ಕಾಪಿ ಮಾಡಿ ಹಾಕಿ. ಹ್ಯಾಶ್ ವರದಿಯನ್ನೂ ಲಗತ್ತಿಸಬೇಕು.

ಎ ಭಾಗ ತುಂಬುವುದು ಸುಲಭ: ಸಾಧನದ ಮಾದರಿ, ಬಣ್ಣ, ಸೀರಿಯಲ್ ಸಂಖ್ಯೆ, ಐಎಂಇಐ ಎಂಬ ಫೋನಿನ ಗುರುತು ಸಂಖ್ಯೆ. ಫೋನಿನಲ್ಲಿ *#06# ಒತ್ತಿದರೆ ಐಎಂಇಐ ಸಿಗುತ್ತದೆ. ಸಮಯವನ್ನು 24 ಗಂಟೆಯ ಲೆಕ್ಕದಲ್ಲೇ ಬರೆಯಿರಿ. ಸಹಿ ಮಾತ್ರ ಆ ಸಾಧನ ಯಾರ ಸುಪರ್ದಿಯಲ್ಲಿದೆಯೋ ಅವರದೇ ಆಗಬೇಕು, ವಕೀಲರದಲ್ಲ.

ಬಿ ಭಾಗಕ್ಕೆ ತಜ್ಞರ ಸಹಿ ಬೇಕು. ಫೈಲ್ ನೋಡದೆ ಸುಮ್ನೆ ಸಹಿ ಹಾಕಿಕೊಡುವವರು ಬೇಡ. ಅವರು ತಾವೇ ಹ್ಯಾಶ್ ತೆಗೆದು ಎ ಭಾಗದ ಹ್ಯಾಶಿನೊಂದಿಗೆ ಹೋಲಿಸಬೇಕು. ಪಾಟೀಸವಾಲಿನಲ್ಲಿ "ಹೇಗೆ ತೆಗೆದಿರಿ?" ಎಂದರೆ ಉತ್ತರ ಬರಬೇಕಲ್ವಾ?

ಮೂಲ ಫೋನನ್ನೇ ಅದರ ಮಾಲೀಕರು ಕಟಕಟೆಗೆ ತಂದು ಸಾಕ್ಷ್ಯ ನುಡಿದರೆ ಪ್ರಮಾಣಪತ್ರ ಬೇಡ ಎಂದು 65ಬಿ ಕುರಿತ ಅರ್ಜುನ್ ಪಂಡಿತ್‌ರಾವ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತ್ತು. ಈ ಅಡ್ಡದಾರಿ ನನಗೆ ಇಷ್ಟವಿಲ್ಲ. ಫೋನ್ ಕೋರ್ಟಿನ ವಶದಲ್ಲೇ ಉಳಿಯಬಹುದು, ಒಳಗಿನ ಖಾಸಗಿ ವಿಷಯವೂ ಅದರ ಜೊತೆಗೇ. ಅದೇ ತೀರ್ಪಿನ ಇನ್ನೊಂದು ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ: ಸಾಧನ ಬೇರೆಯವರ ಕೈಯಲ್ಲಿದ್ದು, ಅವರು ಪ್ರಮಾಣಪತ್ರ ಕೊಡಲು ಒಪ್ಪದಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ತರಿಸಬಹುದು. ಮೊದಲು ಲಿಖಿತವಾಗಿ ಕೇಳಿ, ಆ ಪತ್ರದ ಪ್ರತಿ ಇಟ್ಟುಕೊಳ್ಳಿ.

ಪ್ರಮಾಣಪತ್ರ ಕೊಡಲು ಮರೆತಿದ್ದರೂ ಕೈಚೆಲ್ಲಬೇಡಿ. 2008ರ ಬೆಂಗಳೂರು ಸರಣಿ ಸ್ಫೋಟದ ಕೇಸಿನಲ್ಲಿ ತಡವಾಗಿ ತಂದ 65ಬಿ ಪ್ರಮಾಣಪತ್ರವನ್ನು ವಿಚಾರಣಾ ನ್ಯಾಯಾಲಯ ಮತ್ತು ಹೈಕೋರ್ಟ್ ಒಪ್ಪಿರಲಿಲ್ಲ. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಿತು. ವಿಚಾರಣೆ ಇನ್ನೂ ಮುಗಿದಿರಲಿಲ್ಲ ಎಂಬುದು ಅಲ್ಲಿ ಮುಖ್ಯವಾಯಿತು. ಹಾಗಾಗಿ ತಪ್ಪು ಕಂಡ ದಿನವೇ ಅರ್ಜಿ ಹಾಕಿ. ಎದುರು ಪಕ್ಷದವರಿಗೆ ಪ್ರಮಾಣಪತ್ರಕ್ಕೆ ಸಂಬಂಧಿಸಿದ ಸಾಕ್ಷಿಯನ್ನು ಮತ್ತೆ ಪಾಟೀಸವಾಲು ಮಾಡಲು ಅವಕಾಶ ಕೊಡಲಿ ಎಂದು ಅರ್ಜಿಯಲ್ಲಿ ನೀವೇ ಬರೆಯಿರಿ.