ಮಳೆಗಾಲದಲ್ಲೇ ಹೋಗಿ ನೋಡಬೇಕು: ಕೊಡಗಿನ ಆರು ಘಟಕಗಳಲ್ಲಿ ನನ್ನ ಅನುಭವ

ಕೊಡಗಿನಲ್ಲಿ ಅಂಗವಿಕಲರು ಕೆಲಸ ಮಾಡುವ ಆರು ಘಟಕಗಳನ್ನು ನೋಡಿ ನಾನು ಬರೆದ ಈ ಸಲದ ವರದಿಗೆ ಆರೂ ಕಡೆಯವರು ತಕರಾರಿಲ್ಲದೆ ಸಹಿ ಹಾಕಿದರು. ಅದಕ್ಕೇ ಬರೆಯುತ್ತಿದ್ದೇನೆ. ಡಬ್ಬಕ್ಕೆ ಕಾಫಿ ಬೀಜ ಹಾಕಿಸಿ ಕೆಲಸಗಾರರ ಅಭಿಪ್ರಾಯ ಕೇಳುತ್ತೇನೆ ಅಂದಾಗ ಹಣ ಕೊಡುವ ಕಡೆಯ ಅಧಿಕಾರಿಯೊಬ್ಬರು "ಏನಮ್ಮಾ, ಬುದ್ಧಿ ಬೆಳವಣಿಗೆ ಕಡಿಮೆ ಇರೋರು ಹೇಳಿದ್ದನ್ನ ರಿಪೋರ್ಟಲ್ಲಿ ಹಾಕೋಕಾಗುತ್ತಾ?" ಎಂದು ಕೇಳಿದ್ದರು. ಈಗ ಅವರೇ ನಮ್ಮ ನಮೂನೆ ತರಿಸಿಕೊಂಡಿದ್ದಾರೆ.

ಸೋಮವಾರಪೇಟೆ ಕಡೆ ಎರಡು, ಮಡಿಕೇರಿ ಸುತ್ತ ಎರಡು, ಗೋಣಿಕೊಪ್ಪ ವಿರಾಜಪೇಟೆ ಕಡೆ ಎರಡು ಘಟಕ. ಕಾಫಿ ಬೀಜ ಆರಿಸುವುದು, ಕರಿಮೆಣಸು ಪ್ಯಾಕಿಂಗ್, ಬಟ್ಟೆ ಚೀಲ, ಒಂದು ಬೇಕರಿ. ಎಲ್ಲ ಸೇರಿ ಎಪ್ಪತ್ತರ ಆಸುಪಾಸು ಅಂಗವಿಕಲ ಕೆಲಸಗಾರರು. ಆರೂ ಕಡೆಯವರು ಕೂತು ನಾಲ್ಕು ಮಾತು ಒಪ್ಪಿಕೊಂಡಿದ್ದರು: ಕೆಲಸಕ್ಕೆ ತಕ್ಕ ಕೂಲಿ, ತೀರ್ಮಾನದಲ್ಲಿ ಪಾಲು, ಮೇಲೆ ಬರಲು ದಾರಿ, ಯಾರ ಹಂಗೂ ಇಲ್ಲದೆ ಓಡಾಡುವ ಜಾಗ. ಅದರಂತೆ ನಡೆಯುತ್ತಿದ್ದಾರಾ ಅಂತ ನೋಡುವುದು ನನ್ನ ಕೆಲಸ.

ಮೊದಲ ಸಲ 42 ಪ್ರಶ್ನೆಯ ಫಾರಂ ಹಿಡಿದು ಫೆಬ್ರವರಿಯಲ್ಲಿ ಹೋದೆ. ಜೀಪು ಬಾಡಿಗೆ, ಜೆರಾಕ್ಸ್, ಬರೆದುಕೊಳ್ಳಲು ಇಬ್ಬರು ಹುಡುಗರು, ಸುಮಾರು 38 ಸಾವಿರ ಖರ್ಚಾಯಿತು. ಎಲ್ಲರಿಗೂ ನೂರಕ್ಕೆ ಎಂಬತ್ತರ ಮೇಲೆ ಬಂತು. ಒಂದು ಕಡೆ ಸಮಾನ ಅವಕಾಶ ನೀತಿಯನ್ನು ಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಆ ನೀತಿ ಇರಲೇಬೇಕು, ವೆಬ್‌ಸೈಟಿನಲ್ಲಿ ಇಲ್ಲದಿದ್ದರೆ ಎದ್ದು ಕಾಣುವ ಜಾಗದಲ್ಲಿ ಹಾಕಬೇಕು, ಹಾಗಾಗಿ ಪೂರ್ತಿ ಅಂಕ ಕೊಟ್ಟೆ. ಅದೇ ಬಾಗಿಲ ಪಕ್ಕ ಕೂತು ಮೆಣಸು ತುಂಬುತ್ತಿದ್ದ ಹುಡುಗನಿಗೆ ಕಣ್ಣು ಕಾಣುವುದಿಲ್ಲ. ಅದರಲ್ಲಿ ಏನು ಬರೆದಿದೆ ಅಂತ ಅವನಿಗೆ ಒಬ್ಬರೂ ಓದಿ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಎರಡನೇ ಸಲ ನಗುಮುಖ, ಅಳುಮುಖದ ಚೀಟಿ ಮಾಡಿಸಿದೆ. ಮತ್ತೆ 22 ಸಾವಿರದಷ್ಟು ಹೋಯಿತು. ಎಲ್ಲರೂ ನಗುಮುಖವನ್ನೇ ಎತ್ತಿದರು. ಯಾಕೆ ಅಂದರೆ "ಇದು ಚೆಂದ ಇದೆ ಅಕ್ಕ" ಅಂದರು. ಚಿತ್ರ ಚೆಂದ ಇತ್ತು, ಅಷ್ಟೇ. ಕಿವಿ ಕೇಳದವರ ಮಾತನ್ನು ಅಲ್ಲಿನ ಮೇಲ್ವಿಚಾರಕಿಯೇ ನನಗೆ ಹೇಳುತ್ತಿದ್ದರು. ಒಬ್ಬಳು ಎರಡು ನಿಮಿಷ ಕೈ ಆಡಿಸಿದಳು, ಸಿಟ್ಟು ಮುಖದಲ್ಲೇ ಕಾಣುತ್ತಿತ್ತು. ಅವರು ಹೇಳಿದ್ದು "ಖುಷಿಯಾಗಿದ್ದಾಳಂತೆ" ಅಂತ ಒಂದೇ ಮಾತು. ಸನ್ನೆ ಭಾಷೆ ಬಲ್ಲವರನ್ನು ಹೊರಗಿಂದ ಕರೆದುಕೊಂಡು ಹೋಗದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ದಾರಿ ಸಿಕ್ಕಿದ್ದು ಕಾಫಿ ಆರಿಸುವ ಮೇಜಿನ ಹತ್ತಿರ. ಸುಮ್ನೆ ನಿಂತು ನೋಡುತ್ತಿದ್ದೆ. ಮಾತು ತುಂಬ ಕಡಿಮೆ ಇರುವ ಒಬ್ಬ ಹುಡುಗಿ, ವಯಸ್ಸು ಇಪ್ಪತ್ತೈದಿರಬಹುದು. ಎಡಗೈಯಲ್ಲಿ ರೊಬಸ್ಟಾ ಬೀಜವನ್ನು ತೆಳ್ಳಗೆ ಹರಡುತ್ತಾಳೆ, ಬಲಗೈಯ ಎರಡು ಬೆರಳಲ್ಲಿ ಕರಿ ಬೀಜ, ಒಡಕು ಬೀಜ ತೆಗೆದು ಪಕ್ಕದ ಡಬ್ಬಕ್ಕೆ ಹಾಕುತ್ತಾಳೆ. ಒಂದು ಬೀಜವನ್ನು ಎತ್ತಿ, ತಿರುಗಿಸಿ ನೋಡಿ, ವಾಪಸ್ ಒಳ್ಳೆಯದರ ಜೊತೆಗೇ ಇಟ್ಟಳು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಇಡೀ ದಿನ ತೀರ್ಮಾನ ಮಾಡುವವಳಿಗೆ ನಾನು ನಗುಮುಖ ತೋರಿಸಿದ್ದೆನಲ್ಲ ಅನಿಸಿತು.

ಮಾರನೇ ದಿನವೇ ಆ ಘಟಕದ ಫೋಟೋ ತೆಗೆದೆವು. ಗೇಟು, ಶೌಚಾಲಯ, ಚಹಾ ಕುಡಿಯುವ ಜಾಗ, ಸಂಬಳದ ದಿನದ ಮೇಜು, ಮೀಟಿಂಗ್, ಹೀಗೆ ಹದಿನಾಲ್ಕು. ಪ್ರತಿ ಫೋಟೋ ಮುಂದೆ ಬಾಯಿ ಕಿರಿದಾದ ಒಂದೊಂದು ಡಬ್ಬ. ಸರಿ ಇದ್ದರೆ ಒಳ್ಳೆ ಬೀಜ, ಸರಿ ಇಲ್ಲದಿದ್ದರೆ ಕರಿ ಬೀಜ. ಒಬ್ಬೊಬ್ಬರೇ ಒಳಗೆ ಬರಬೇಕು, ಮೇಲ್ವಿಚಾರಕರು ಅಂಗಳದಾಚೆ ಇರಬೇಕು. ಹದಿನೈದು ದಿನ ಬಿಟ್ಟು ಫೋಟೋ ಕಲೆಸಿ ಮತ್ತೆ ಮಾಡಿಸಿದೆ. ಹತ್ತೊಂಬತ್ತು ಜನರಲ್ಲಿ ಹದಿನಾರೋ ಹದಿನೇಳೋ ಜನರ ಉತ್ತರ ಹೆಚ್ಚುಕಡಿಮೆ ಹಾಗೇ ಬಂತು. ಕಣ್ಣು ಕಾಣದವರಿಗೆ ಫೋಟೋ ಬದಲು ವಸ್ತು ಇಟ್ಟೆವು: ಬೀಗ, ಲೋಟ, ಪಾಸ್‌ಬುಕ್.

ಒಂದು ಘಟಕದಲ್ಲಿ ಸಂಬಳದ ಡಬ್ಬಕ್ಕೆ ಹನ್ನೊಂದರಲ್ಲಿ ಒಂಬತ್ತು ಕರಿ ಬೀಜ ಬಿತ್ತು. ಪಾಸ್‌ಬುಕ್ ನೋಡಿದರೆ ಎಲ್ಲ ಸರಿ, ತಿಂಗಳು ತಿಂಗಳು ಹಣ ಬಂದಿದೆ. ನಾನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ನನ್ನ ಜೊತೆ ಬಂದಿದ್ದವಳು ಬೇರೆ ಘಟಕದಲ್ಲಿ ಚೀಲ ಹೊಲಿಯುವವಳು, ಊರುಗೋಲು ಹಿಡಿದು ನಡೆಯುತ್ತಾಳೆ. ಅವಳು ಮೆಲ್ಲಗೆ "ಅಣ್ಣ, ಎಟಿಎಂ ಕಾರ್ಡೆಲ್ಲ ಎಲ್ಲಿದೆ?" ಅಂದಳು. ಘಟಕ ನೋಡಿಕೊಳ್ಳುವವರು ಬೀರು ತೆರೆದರು. ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟು, ಒಂದೊಂದರ ಹಿಂದೆಯೂ ಪಿನ್ ಬರೆದ ಚೀಟಿ. "ಕಳೆದು ಹಾಕ್ತಾರಲ್ಲಮ್ಮ" ಅಂದರು. ಒಂದು ಪೈಸೆ ಆಚೆ ಈಚೆ ಆಗಿರಲಿಲ್ಲ, ಲೆಕ್ಕ ನಾನೇ ನೋಡಿದೆ. ಆದರೆ ಸ್ವಂತ ದುಡ್ಡಿನಲ್ಲಿ ಒಂದು ಬಳೆ ತಗೊಳ್ಳಲೂ ಆಫೀಸಿಗೆ ಹೋಗಿ ಕೇಳಬೇಕು ಅಂದರೆ ಅದು ಯಾರ ಕೂಲಿ? ಆವತ್ತಿನಿಂದ ಕೆಲಸಗಾರರು ಜೊತೆಗಿಲ್ಲದೆ ನಾನು ಯಾವ ಘಟಕಕ್ಕೂ ಹೋಗಿಲ್ಲ.

ಇನ್ನೊಂದು ಕಡೆ ಒಬ್ಬ ಆರು ವರ್ಷದಿಂದ "ತರಬೇತಿ"ಯಲ್ಲೇ ಇದ್ದ. ಹೊಸಬರಿಗೆ ಕೆಲಸ ಕಲಿಸುತ್ತಿದ್ದವನೂ ಅವನೇ. ಕೈಗೆ ಬರುತ್ತಿದ್ದದ್ದು ತರಬೇತಿ ಭತ್ಯೆ. 1948ರ ಕನಿಷ್ಠ ಕೂಲಿ ಕಾಯ್ದೆಯಲ್ಲೇ ಅಂಗವಿಕಲರನ್ನು ಹೊರಗಿಡಲು ಸರ್ಕಾರಕ್ಕೆ ದಾರಿ ಬಿಟ್ಟಿದ್ದರು, ಆ ಯೋಚನೆ ಜನರ ತಲೆಯಿಂದ ಇನ್ನೂ ಇಳಿದಿಲ್ಲ. ಈಗ ನಾನು ಮೊದಲು ಕೇಳುವುದೇ ಯಾರು ಎಷ್ಟು ವರ್ಷದಿಂದ ತರಬೇತಿಯಲ್ಲಿದ್ದಾರೆ ಅಂತ.

ಹೋಗುವ ಕಾಲ ಬದಲಾಯಿಸಿದ್ದು ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು. ಕಾಫಿ ಕೊಯ್ಲಿನ ಸಮಯದಲ್ಲಿ ಎಲ್ಲರಿಗೂ ಕೆಲಸ ಇರುತ್ತದೆ, ಎಲ್ಲ ಘಟಕವೂ ಒಳ್ಳೆಯದೇ. ಜುಲೈನಲ್ಲಿ ಹೋಗಿ. ಕೆಲಸ ಕಡಿಮೆಯಾದಾಗ ಮೊದಲು ಮನೆಗೆ ಕಳಿಸುವುದು ಯಾರನ್ನು ಅಂತ ಹಾಜರಿ ಪುಸ್ತಕ ಹೇಳುತ್ತದೆ. ದಾರಿಯೂ ಆಗಲೇ ಗೊತ್ತಾಗುವುದು. ಬೇಸಿಗೆಯಲ್ಲಿ ನಾನೇ ಅಳತೆ ಹಿಡಿದು "ಸರಿ ಇದೆ" ಅಂತ ಬರೆದಿದ್ದ ಇಳಿಜಾರು ಮಳೆಗೆ ಪಾಚಿ ಕಟ್ಟಿ ಗಾಲಿಕುರ್ಚಿ ಹಿಂದಕ್ಕೆ ಜಾರಿತು. ಹಿಂದೆ ಇಬ್ಬರು ಇದ್ದರು, ಏನೂ ಆಗಲಿಲ್ಲ.

ನಡುವೆ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ತರಿಸಿ ನೋಡಿದೆ. ಮಳೆಗೆ ಕರೆಂಟ್ ಹೋದರೆ ಟವರೂ ಹೋಗುತ್ತದೆ, ವಾರಕ್ಕೆ ನಾಲ್ಕು ಬಂದರೆ ಹೆಚ್ಚು. ಅದರ ಜೊತೆ ಮನೆಯವರು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದರು. ಬಿಟ್ಟೆ. ಕಾಫಿ ಬೀಜದ ಬದಲು ಮೆಣಸಿನ ಕಾಳಿನಲ್ಲೂ ಮಾಡಿ ನೋಡಿದೆ, ಬೆರಳಿಗೆ ಸಣ್ಣದಾಗುತ್ತದೆ.

ಈಗ ಒಂದು ಘಟಕಕ್ಕೆ 11 ಸಾವಿರದ ಹತ್ತಿರ ಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜೊತೆಗೆ ಬರುವ ಕೆಲಸಗಾರರ ದಿನಗೂಲಿ, ಆಟೋ ಮತ್ತು ಸನ್ನೆ ಭಾಷೆಯವರ ಖರ್ಚು. ದಿನಗೂಲಿ 600. ಇದರಲ್ಲಿ ಉಳಿಸಲು ಹೋಗಬೇಡಿ. ಡಬ್ಬಕ್ಕೆ ಮುಂಚಿನ ಮೊದಲ ಹದಿನೈದು ನಿಮಿಷ ಏನು ಮಾಡುತ್ತೇನೆ, ಹದಿನಾಲ್ಕರಲ್ಲಿ ಯಾವ ಎರಡು ಫೋಟೋ ಪರೀಕ್ಷೆಗೆ ಇಟ್ಟಿದ್ದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ಎಲ್ಲರೂ ತಯಾರಾಗಿ ಕೂತಿರುತ್ತಾರೆ.

ಕಾರ್ಡುಗಳು ಅವರವರ ಕೈಗೆ ಹೋಗಿವೆ. ಎರಡು ಕಳೆದವು, ಬ್ಯಾಂಕಿಗೆ ಹೋಗಿ ಹೊಸದು ಮಾಡಿಸಿದರು. ಆರು ವರ್ಷದ ತರಬೇತಿ ಹುಡುಗ ಈಗ ಸಂಬಳದ ಪಟ್ಟಿಯಲ್ಲಿದ್ದಾನೆ, ಹಳೇ ಬಾಕಿಯ ಮಾತುಕತೆ ನಡೆಯುತ್ತಿದೆ. ಇಳಿಜಾರಿಗೆ ಗೀರು ಹಾಕಿಸಿ ಕಂಬಿ ಕಟ್ಟಿಸಿದ್ದಾರೆ, ಮಳೆ ಹಿಡಿದ ಮೇಲೆ ಹೋಗಿ ಅದರ ಮೇಲೆ ಗಾಲಿಕುರ್ಚಿ ಹತ್ತಿಸಿ ನೋಡುವುದಿದೆ.