ಪ್ರಶ್ನೆ ಇಲ್ಲದ ಐದು ನಿಮಿಷ

ಗಾಜಿನ ಆಚೆ ಒಬ್ಬ ತಾಯಿ, ನಾಲ್ಕು ವರ್ಷದ ಮಗ, ನೆಲದ ತುಂಬ ಬ್ಲಾಕುಗಳು. ಈಚೆ ನಾನು, ಕೈಯಲ್ಲಿ ಮೈಕು, ತೊಡೆಯ ಮೇಲೆ ಎಣಿಕೆಯ ಹಾಳೆ. ಕಿವಿಗೆ ಸಿಕ್ಕಿಸಿದ ಪುಟ್ಟ ಇಯರ್‌ಫೋನಿನಿಂದ ನನ್ನ ಮಾತು ತಾಯಿಗೆ ಮಾತ್ರ ಕೇಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿ, ಅಂದರೆ ಪಿಸಿಐಟಿ, ನಡೆಯುವುದು ಹೀಗೆ. ಎರಡರಿಂದ ಏಳು ವರ್ಷದ ಮಕ್ಕಳಿಗಾಗಿ ಇದು. ಆದರೆ ಮಗುವನ್ನು ಒಳಗೆ ಕರೆದು ‘ರಿಪೇರಿ’ ಮಾಡಿ ಕಳಿಸುವುದಿಲ್ಲ. ಇಲ್ಲಿ ಪಾಠ ತಂದೆತಾಯಿಗೆ.

ಮಗ ಕಚ್ಚುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ಒಂದು ಮಾತೂ ಕೇಳುವುದಿಲ್ಲ ಎಂದು ಈ ತಾಯಿ ಬಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಮೊದಲ ದಿನ ಐದು ನಿಮಿಷ ಅವರ ಆಟ ನೋಡಿ ಎಣಿಸಿದೆ: 28 ಪ್ರಶ್ನೆ, ಒಂದು ಹೊಗಳಿಕೆ. “ಇದು ಯಾವ ಬಣ್ಣ? ಚಕ್ರ ಎಷ್ಟು? ಅದನ್ನು ಅಲ್ಲೇಕೆ ಇಟ್ಟೆ?” ಬೈಗುಳವೇನಲ್ಲ, ಅಕ್ಕರೆಯ ಮಾತೇ. ಆದರೆ ಪ್ರತಿ ಪ್ರಶ್ನೆಗೂ ಮಗು ಆಟ ಬಿಟ್ಟು ಉತ್ತರ ಹುಡುಕಬೇಕು. ಆಟದ ಲಗಾಮು ಅಮ್ಮನ ಕೈಗೆ ಹೋಗುತ್ತದೆ. ನಗುವ ಹಕ್ಕು ನನಗಿರಲಿಲ್ಲ. ತರಬೇತಿಯಲ್ಲಿ ನಾನೇ ಆಡಿ ತೋರಿಸಬೇಕಾಗಿ ಬಂದ ದಿನ ನನ್ನ ಹಾಳೆಯಲ್ಲೂ ಪ್ರಶ್ನೆಗಳದೇ ಸಾಲು.

ಮೊದಲ ಹಂತದಲ್ಲಿ ಮಗು ಮುಂದೆ, ದೊಡ್ಡವರು ಹಿಂದೆ. ಐದು ನಿಮಿಷದಲ್ಲಿ ಮಗು ಮಾಡುತ್ತಿರುವುದನ್ನು ಹತ್ತು ಸಲ ವರ್ಣಿಸಬೇಕು, ಅದರ ಮಾತನ್ನು ಹತ್ತು ಸಲ ಮರಳಿ ನುಡಿಯಬೇಕು, ಯಾವುದಕ್ಕೆಂದು ಬಿಡಿಸಿ ಹೇಳಿ ಹತ್ತು ಸಲ ಹೊಗಳಬೇಕು. ಪ್ರಶ್ನೆ, ಆಜ್ಞೆ, ಟೀಕೆ ಎಲ್ಲ ಸೇರಿ ಮೂರನ್ನು ದಾಟಬಾರದು. ಬರೀ “ಜಾಣ” ಎಂದರೆ ಲೆಕ್ಕಕ್ಕಿಲ್ಲ. “ಬ್ಲಾಕನ್ನು ಎಷ್ಟು ಮೆಲ್ಲಗೆ ಇಟ್ಟೆ, ಭೇಷ್!” ಎಂದರೆ ಒಂದು.

ಕನ್ನಡದಲ್ಲಿ ಕಾಟ ಕೊಡುವುದು ಕೊನೆಯ ಸ್ವರ. “ಮನೆ ಕಟ್ಟುತ್ತಿದ್ದೀಯ” ಎಂದರೆ ವರ್ಣನೆ. “ಕಟ್ಟುತ್ತಿದ್ದೀಯಾ” ಎಂದರೆ ಪ್ರಶ್ನೆ. ಒಂದು ದೀರ್ಘ ಎಳೆದರೆ ಸಾಕು, ಗುರುತು ಇನ್ನೊಂದು ಅಂಕಣಕ್ಕೆ ಬೀಳುತ್ತದೆ. ಹಾಗಾಗಿ ವಾರಗಟ್ಟಲೆ ನಾನು ಪಿಸುಗುಟ್ಟಿದ್ದು ಹೆಚ್ಚಾಗಿ ಒಂದೇ ಮಾತು: “ದನಿ ಇಳಿಸಿ ಮುಗಿಸಿ.” ಮನೆಯಲ್ಲೂ ದಿನಕ್ಕೆ ಐದು ನಿಮಿಷ ಇದೇ ಆಟ. ಮಗ ಆ ದಿನ ಎಷ್ಟೇ ರಂಪ ಮಾಡಿದ್ದರೂ ಅದನ್ನು ಶಿಕ್ಷೆಯಾಗಿ ರದ್ದು ಮಾಡುವಂತಿಲ್ಲ.

ತಾಯಿಗೆ ಅವಸರ. “ಆಟ ಸಾಕು ಮೇಡಂ, ಹಠ ಮಾಡಿದಾಗ ಏನು ಮಾಡಬೇಕು ಅದನ್ನು ಹೇಳಿಕೊಡಿ.” ಹೊಗಳಿಕೆ ಏಳಕ್ಕೇ ನಿಂತಿತ್ತು. ಆದರೂ ಮನಸ್ಸು ಕರಗಿ ಎರಡನೆಯ ಹಂತಕ್ಕೆ ದಾಟಿಸಿದೆ. ತಪ್ಪು ನನ್ನದೇ.

ಈ ಹಂತದಲ್ಲಿ ಒಂದು ಸಲಕ್ಕೆ ಒಂದೇ ಆಜ್ಞೆ, ನೇರವಾಗಿ. ಐದು ಸೆಕೆಂಡು ಕಾಯಬೇಕು. ಕೇಳಿದರೆ ತಕ್ಷಣ ಹೊಗಳಿಕೆ. ಕೇಳದಿದ್ದರೆ ಒಂದು ಎಚ್ಚರಿಕೆ. ಅದಕ್ಕೂ ಜಗ್ಗದಿದ್ದರೆ ಆಟದಿಂದ ದೂರ ಮೂರು ನಿಮಿಷ ಕುರ್ಚಿಯಲ್ಲಿ ಕೂರಬೇಕು, ಕೊನೆಗೆ ಐದು ಸೆಕೆಂಡು ಮೌನವಾಗಿ. ತಾಯಿ ಆರಂಭಿಸಿದ್ದೇ “ಕಾರನ್ನು ಡಬ್ಬಿಗೆ ಹಾಕೋಣವಾ?” ಎಂದು. ಹುಡುಗ “ಬೇಡ” ಎಂದ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ! ತಿದ್ದಿಸಿ “ಕಾರನ್ನು ಡಬ್ಬಿಗೆ ಹಾಕು” ಎನ್ನಿಸಿದೆ. ಅವನು ಅದನ್ನು ಗೋಡೆಗೆ ಎಸೆದ. ಆ ದಿನ ಕುರ್ಚಿಯ ಮೂರು ನಿಮಿಷ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಅವನೂ ಅತ್ತ, ಅಮ್ಮನೂ ಅತ್ತರು. ಅಮ್ಮನ ಜೊತೆಗಿನ ಆಟ ಸಿಹಿಯಾಗಿದ್ದರೆ ತಾನೇ ಅದರಿಂದ ದೂರ ಕೂರುವುದಕ್ಕೊಂದು ಅರ್ಥ? ಆ ಸಿಹಿ ಕೂಡಿಬರುವ ಮೊದಲೇ ನಾನು ಕುರ್ಚಿ ಹಾಕಿಸಿದ್ದೆ.

ಎರಡು ವಾರ ಮತ್ತೆ ಬರೀ ಆಟ. ಹೊಗಳಿಕೆ ಹನ್ನೊಂದಕ್ಕೆ ಬಂತು. ಮರಳಿ ಎರಡನೆಯ ಹಂತಕ್ಕೆ ಹೋದಾಗ ಅವನು ಕುರ್ಚಿಯತ್ತ ಒಮ್ಮೆ ನೋಡಿ, ಗೊಣಗುತ್ತಲೇ ಕಾರನ್ನು ಡಬ್ಬಿಗೆ ಹಾಕಿದ. ಎಲ್ಲ ದಿನವೂ ಹಾಗೆ ಆಗಲಿಲ್ಲ, ಆದರೆ ಕುರ್ಚಿ ಅಪರೂಪವಾಯಿತು.

ಮಗುವಿನ ವರ್ತನೆ ಎಷ್ಟು ಸಲ ಕಾಡುತ್ತದೆ ಎಂದು ಹೆತ್ತವರು ಅಂಕ ಹಾಕುವ 36 ಪ್ರಶ್ನೆಗಳ ಐಬರ್ಗ್ ಪಟ್ಟಿಯನ್ನು ಪ್ರತಿ ವಾರ ತುಂಬಿಸುತ್ತೇವೆ. ಚಿಕಿತ್ಸೆ ಮುಗಿಸಲು ಮೊತ್ತ 114 ಅಥವಾ ಅದಕ್ಕಿಂತ ಕೆಳಗೆ ಬರಬೇಕು. 171ರಲ್ಲಿ ಶುರುವಾದ ಇವರದು ಹದಿನೇಳನೆಯ ಭೇಟಿಯಲ್ಲಿ 102. ಸಮಯಕ್ಕೆ ಮಲಗಲು ಒಪ್ಪುವುದಿಲ್ಲ ಎಂಬಲ್ಲಿ ಮಾತ್ರ ಇನ್ನೂ ಏಳಕ್ಕೆ ಆರು. ಅದರ ಬಗ್ಗೆ ಕೆಲಸ ಮಾಡೋಣವೇ ಎಂದೆ. “ಅದು ಅವರಪ್ಪನಿಗೂ ಇದೆ, ಬಿಡಿ” ಎಂದು ತಾಯಿ ಪೆನ್ನು ಮುಚ್ಚಿದರು.