ಡೀಸೆಲ್ ಲಾರಿಯ ಫ್ಯಾನ್ ಕ್ಲಚ್ ದೋಷವನ್ನು ಪತ್ತೆ ಹಚ್ಚುವ ಕ್ರಮ

ಭಾರ ಹೊತ್ತು ಏರುದಾರಿಯಲ್ಲಿ ನಿಧಾನವಾಗಿ ಸಾಗುವಾಗ ಅತಿಯಾಗಿ ಕಾಯುವ ಎಂಜಿನ್, ಸಮತಟ್ಟಾದ ರಸ್ತೆಯಲ್ಲಿ ವೇಗ ಹೆಚ್ಚಿದಾಗ ತಣಿಯುವುದಾದರೆ ಫ್ಯಾನ್ ಕ್ಲಚ್‌ನ, ಅಂದರೆ ಎಂಜಿನ್ ಕಾದಾಗ ತಣಿಸುವ ಫ್ಯಾನನ್ನು ಹಿಡಿದು ವೇಗವಾಗಿ ತಿರುಗಿಸುವ ಭಾಗದ, ಮೇಲೆ ಸಂಶಯಪಡಬೇಕು. ಆದರೆ ಅದಕ್ಕೂ ಮೊದಲು ಕೂಲಂಟ್ ಮಟ್ಟ, ಬೆಲ್ಟ್‌ನ ಬಿಗಿತ ಮತ್ತು ರೇಡಿಯೇಟರ್‌ನಲ್ಲಿ ಕಟ್ಟಿಕೊಂಡ ಕೊಳೆಯನ್ನು ನೋಡುವುದು ಸೂಕ್ತ.

ಸಿಲಿಕೋನ್ ದ್ರವದಿಂದ ಕೆಲಸ ಮಾಡುವ ಕ್ಲಚ್ ಆಗಿದ್ದರೆ, ಎಂಜಿನ್ ನಿಲ್ಲಿಸಿ, ಕೀಲಿ ತೆಗೆದಿಟ್ಟು, ರೆಕ್ಕೆಗಳನ್ನು ಕೈಯಿಂದ ತಿರುಗಿಸಬೇಕು. ತುಸು ತಡೆ ಇರುವುದು ಸಹಜ. ತಡೆಯೇ ಇಲ್ಲದೆ ಸುತ್ತಿದರೆ ದ್ರವ ಸೋರಿರುವ ಸಂಭವ ಹೆಚ್ಚು. ಕ್ಲಚ್‌ನ ಮೇಲೆ ಎಣ್ಣೆಯಂಥ ಜಿಡ್ಡು ಹರಡಿದ್ದರೆ ಆ ಸಂಶಯ ಬಲಗೊಳ್ಳುತ್ತದೆ. ರೆಕ್ಕೆಯ ತುದಿಯನ್ನು ಹಿಡಿದು ಹಿಂದೆಮುಂದೆ ಅಲುಗಿಸಿದಾಗ ಹೆಚ್ಚು ಸಡಿಲ ಕಂಡರೆ ಬೇರಿಂಗ್ ಸವೆದಿರಬಹುದು. ಎಂಜಿನ್ ಚೆನ್ನಾಗಿ ಕಾದ ಮೇಲೂ ಫ್ಯಾನಿನ ಮೊರೆತ ಹೆಚ್ಚದಿದ್ದರೆ ಕ್ಲಚ್ ಹಿಡಿಯುತ್ತಿಲ್ಲ.

ತಿರುಗುತ್ತಿರುವ ಫ್ಯಾನನ್ನು ಬಟ್ಟೆಯಿಂದಲೋ ಕೋಲಿನಿಂದಲೋ ತಡೆದು ಪರೀಕ್ಷಿಸುವ ಅಪಾಯಕಾರಿ ಅಭ್ಯಾಸವನ್ನು ದಯವಿಟ್ಟು ಬಿಡಿ.